ಮೋಟಾರಿನ ಭಯ ಬಿಡಿ, ಮ್ಯಾಗ್ನೆಟ್ ನೋಡಿ: ಇ-ಮೌಂಟನ್ ಬೈಕ್ ಕೈಕೊಡದಂತೆ ಇಟ್ಟುಕೊಳ್ಳುವ ಬಗೆ

ಇ-ಮೌಂಟನ್ ಬೈಕ್, ಅಂದರೆ ತುಳಿತಕ್ಕೆ ಬ್ಯಾಟರಿ-ಮೋಟಾರಿನ ನೆರವು ಸಿಗುವ ಗುಡ್ಡಗಾಡಿನ ಸೈಕಲ್ಲು, ಕೊಂಡು ಎರಡನೆಯ ತಿಂಗಳು. ಏರು ದಾರಿಯ ಅರ್ಧದಲ್ಲಿದ್ದಾಗ ಡಿಸ್‌ಪ್ಲೇಯಲ್ಲಿ ಒಂದು ಸಂಖ್ಯೆ ಮಿನುಗಿತು, ಮೋಟಾರು ಸುಮ್ಮನಾಯಿತು. 23 ಕಿಲೋ ತೂಕದ ಸೈಕಲ್ಲನ್ನು ತಳ್ಳಿಕೊಂಡು ಗುಡ್ಡ ಇಳಿದೆ. ಮೋಟಾರು ಸುಟ್ಟಿರಬೇಕು, ಇಷ್ಟು ದುಡ್ಡು ಸುರಿದದ್ದು ಹೊಳೆಗೆ ಹೋಯಿತು, ಅಂಗಡಿಯವನು ವಾರಂಟಿಗೆ ಏನಾದರೊಂದು ಕೊಕ್ಕೆ ಹಾಕುತ್ತಾನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳವಾಡಿದೆ. ಮನೆಗೆ ಬಂದು ಹಿಂದಿನ ಚಕ್ರ ತಿರುಗಿಸಿದಾಗ ಕಂಡದ್ದು, ಕಡ್ಡಿಗೆ ಸಿಕ್ಕಿಸಿದ್ದ ಬೆರಳುಗುರಿನಷ್ಟು ಗಾತ್ರದ ಮ್ಯಾಗ್ನೆಟ್ ಯಾವುದೋ ರೆಂಬೆ ತಗುಲಿ ಪಕ್ಕಕ್ಕೆ ತಿರುಗಿತ್ತು. ವೇಗದ ಸೆನ್ಸರಿಗೆ ಅದು ಕಾಣದಿದ್ದರೆ ಚಕ್ರ ತಿರುಗುತ್ತಿದೆಯೋ ಇಲ್ಲವೋ ಎಂಬುದೇ ಮೋಟಾರಿಗೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಅದು ಬಲ ಕೊಡುವುದಿಲ್ಲ. ಬೆರಳಿನಿಂದ ತಿರುಗಿಸಿ ಸರಿಮಾಡಿದೆ. ಗುಡ್ಡ ಅಗೆದು ಇಲಿ ಹಿಡಿದಂತಾಯಿತು.

ಅಂದಿನಿಂದ ನನ್ನ ಭಯವನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಮೋಟಾರಿನ ಒಳಗೆ ಆಗುವುದು ಒಂದು ಪಾಲು. ಅದನ್ನು ನಾನು ತಡೆಯಲಾರೆ, ಬಿಚ್ಚಿ ಸರಿಮಾಡಲಾರೆ. ಅದು ಕಾಗದಪತ್ರದ ವ್ಯವಹಾರ. ಮೋಟಾರಿನ ಹೊರಗೆ ಆಗುವುದು ಇನ್ನೊಂದು ಪಾಲು: ನೀರು, ಚೈನು, ಕನೆಕ್ಟರು, ಚಾರ್ಜ್ ಮಾಡುವ ಅಭ್ಯಾಸ. ದಾರಿಯಲ್ಲಿ ನಿಲ್ಲಿಸುವುದು ಹೆಚ್ಚಾಗಿ ಈ ಎರಡನೆಯ ಪಾಲು, ಮತ್ತು ಅದು ಪೂರ್ತಿ ನಮ್ಮ ಕೈಯಲ್ಲಿದೆ. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಮೊದಲ ವಾರ: ಕಾಗದ, ಕೀಲಿ, ಬೋಲ್ಟು

ಇಂದಿನ ಇ-ಮೌಂಟನ್ ಬೈಕುಗಳಲ್ಲಿ ಹೆಚ್ಚಿನವು ಪೆಡಲಿನ ನಡುವೆಯೇ ಮೋಟಾರು ಕೂರಿಸಿದವು. ಬಾಷ್, ಶಿಮಾನೋ, ಯಮಾಹಾ ಮುಂತಾದವರ ಈ ಮೋಟಾರುಗಳು ಮುಚ್ಚಿದ ಡಬ್ಬಿಗಳು. ಒಳಗೆ ಗೇರು ಅಥವಾ ಬೆಲ್ಟು, ಕ್ಲಚ್ಚು, ಕಾಲಿನ ಒತ್ತಡ ಅಳೆಯುವ ಟಾರ್ಕ್ ಸೆನ್ಸರು, ಒಂದು ಸರ್ಕ್ಯೂಟ್ ಬೋರ್ಡು. ಒಳಗೆ ಕೆಟ್ಟರೆ ವಾರಂಟಿಯಲ್ಲಿ ಸಾಮಾನ್ಯವಾಗಿ ರಿಪೇರಿ ಮಾಡುವುದಿಲ್ಲ, ಇಡೀ ಮೋಟಾರನ್ನೇ ಬದಲಿಸುತ್ತಾರೆ. ಹಾಗಾಗಿ ಮೊದಲ ದಿನವೇ ಮಾಡಬೇಕಾದ ಕೆಲಸ ಕೈಗೆ ಗ್ರೀಸು ಹತ್ತುವಂಥದ್ದಲ್ಲ.

ಫ್ರೇಮು, ಮೋಟಾರು, ಬ್ಯಾಟರಿ, ಮೂರರ ಕ್ರಮಸಂಖ್ಯೆಯ ಫೋಟೋ ತೆಗೆದಿಡಿ. ಮೋಟಾರಿನ ಸಂಖ್ಯೆ ಕೆಲವೊಮ್ಮೆ ಪ್ಲಾಸ್ಟಿಕ್ ಕವಚದ ಹಿಂದೆ ಅಡಗಿರುತ್ತದೆ. ಕೆಸರು ಮೆತ್ತುವ ಮೊದಲೇ ಹುಡುಕುವುದು ಸುಲಭ. ಬ್ಯಾಟರಿ ಬೀಗದ ಕೀಲಿಯ ಮೇಲೂ ಒಂದು ಸಂಖ್ಯೆ ಕೊರೆದಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳದೆ ಎರಡೂ ಕೀಲಿ ಕಳೆದುಕೊಂಡವರು ಫ್ರೇಮಿನೊಳಗೆ ಸಿಕ್ಕಿಬಿದ್ದ ಬ್ಯಾಟರಿಯನ್ನು ನೋಡುತ್ತ ಕೂರಬೇಕಾಗುತ್ತದೆ. ರಸೀದಿ, ವಾರಂಟಿ ಷರತ್ತು, ಸರ್ವಿಸ್ ದಾಖಲೆ, ಎಲ್ಲವೂ ಒಂದೇ ಕಡೆ ಇರಲಿ.

ವಾರಂಟಿಯ ಷರತ್ತುಗಳನ್ನು ಒಮ್ಮೆ ಕೂತು ಓದಿ. ಬ್ಯಾಟರಿಗೆ ಹಲವು ಕಂಪನಿಗಳು 2 ವರ್ಷ ಅಥವಾ 500 ಪೂರ್ಣ ಚಾರ್ಜ್, ಯಾವುದು ಮೊದಲೋ ಅದು ಎಂದು ಮಿತಿ ಹಾಕುತ್ತವೆ. ಅರ್ಧರ್ಧ ಚಾರ್ಜು ಎರಡು ಸಲ ಮಾಡಿದರೆ ಅದು ಒಂದು ಪೂರ್ಣ ಚಾರ್ಜ್ ಲೆಕ್ಕ. ವೇಗದ ಮಿತಿ ದಾಟಿಸುವ ಎಲೆಕ್ಟ್ರಾನಿಕ್ ಚಿಪ್ಪು ಹಾಕಿಸಿದರೆ ವಾರಂಟಿ ಹೋಯಿತೆಂದೇ ತಿಳಿಯಿರಿ. ಯೂರೋಪಿನಲ್ಲಿ ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ಗೆ ನಿಲ್ಲಬೇಕೆಂಬ ನಿಯಮವಿದೆ, ಬೇರೆ ದೇಶಗಳಲ್ಲಿ ಬೇರೆ ಮಿತಿಗಳಿವೆ. ಆ ಮಿತಿಯನ್ನು ದಾಟಿಸುವ ಆಟಿಕೆಯಿಂದ ಸಿಗುವ ಸುಖಕ್ಕಿಂತ ಕೈತಪ್ಪುವ ಮೋಟಾರಿನ ಬೆಲೆ ಬಹಳ ದೊಡ್ಡದು. ಹಾಕಿಸಿ, ಕೆಟ್ಟ ಮೇಲೆ ತೆಗೆದು, ಏನೂ ಗೊತ್ತಿಲ್ಲದವರಂತೆ ಅಂಗಡಿಗೆ ಹೋಗುವವರಿದ್ದಾರೆ. ಅಂಥ ಎಷ್ಟೋ ಚಿಪ್ಪುಗಳ ಕರಾಮತ್ತನ್ನು ಮೋಟಾರಿನ ಒಳಗಿನ ದಾಖಲೆಯೇ ಹೇಳಿಬಿಡುತ್ತದೆ.

ಇನ್ನೂ ಕೊಂಡಿಲ್ಲದವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಐದು ವರ್ಷದ ನಂತರ ಇದೇ ಆಕಾರದ ಬ್ಯಾಟರಿ ಸಿಗುತ್ತದೆಯೇ? ಫ್ರೇಮಿನೊಳಗೆ ಅಡಗಿ ಕೂರುವ ಬ್ಯಾಟರಿಗಳಲ್ಲಿ ಒಂದು ಮಾದರಿಯದು ಎಷ್ಟೋ ಸಲ ಇನ್ನೊಂದಕ್ಕೆ ಹೊಂದುವುದಿಲ್ಲ. ಯೂರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮವು, ಮಾದರಿಯ ಕೊನೆಯ ಬೈಕು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 5 ವರ್ಷ ಬದಲಿ ಬ್ಯಾಟರಿ ದೊರೆಯುವಂತಿರಬೇಕು ಎನ್ನುತ್ತದೆ. ಇದು ಜಾರಿಯಾಗುವುದು 2027ರ ಫೆಬ್ರವರಿಯಿಂದ. ಅಲ್ಲಿಯವರೆಗೆ, ಮತ್ತು ಆ ನಿಯಮ ಇಲ್ಲದ ಕಡೆ, ಅಂಗಡಿಯವನ ಮುಖದ ಭಾವವೇ ಉತ್ತರ.

ಮೊದಲ ನೂರು ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳನ್ನು ಒಂದು ಸುತ್ತು ನೋಡಿ. ಪೆಡಲ್ ಹಿಡಿದಿರುವ ಕ್ರ್ಯಾಂಕು, ಹಿಂದಿನ ಸಸ್ಪೆನ್ಷನ್ನಿನ ಕೀಲುಗಳು, ಬ್ರೇಕ್ ಡಿಸ್ಕಿನ ಸ್ಕ್ರೂಗಳು, ಮೋಟಾರನ್ನು ಫ್ರೇಮಿಗೆ ಕಚ್ಚಿಸಿದ ಬೋಲ್ಟುಗಳು. ಕೈ ಅಂದಾಜಿನಲ್ಲಿ ಬಿಗಿಯಬೇಡಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಬಳಸಿ. ಎಷ್ಟು ನ್ಯೂಟನ್ ಮೀಟರಿಗೆ (ಬಿಗಿತದ ಅಳತೆ) ಬಿಗಿಯಬೇಕು ಎಂಬುದು ಕೈಪಿಡಿಯಲ್ಲೋ ಬೋಲ್ಟಿನ ಪಕ್ಕದಲ್ಲೋ ಬರೆದಿರುತ್ತದೆ.

ನೀರು: ನಿಜವಾದ ಶತ್ರು

ಮಳೆಯಲ್ಲಿ ಓಡಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ಓಡಿಸಬಹುದು. ಮೇಲಿನಿಂದ ಬೀಳುವ ಹನಿಗೂ ಚಕ್ರ ಚಿಮ್ಮಿಸುವ ಕೆಸರಿಗೂ ತಡೆಯುವಂತೆಯೇ ಇವನ್ನು ಮಾಡಿದ್ದಾರೆ. ಮೋಟಾರನ್ನು ಹಾಳುಮಾಡುವುದು ಮಳೆಗಿಂತ ಹೆಚ್ಚಾಗಿ ಮಳೆಯ ನಂತರದ ಸ್ನಾನ. ಪ್ರೆಶರ್ ವಾಷರಿನ ಚೂಪಾದ ಧಾರೆ ಕ್ರ್ಯಾಂಕಿನ ಸುತ್ತಲಿನ ರಬ್ಬರ್ ಸೀಲನ್ನು ದಾಟಿ ಒಳನುಗ್ಗುತ್ತದೆ. ಬೇರಿಂಗಿನ ಗ್ರೀಸು ತೊಳೆದುಹೋಗುತ್ತದೆ, ಜಾಗದಲ್ಲಿ ನೀರು ಮತ್ತು ನುಣ್ಣನೆಯ ಮರಳು ಕೂರುತ್ತದೆ. ಅಂದೇ ಏನೂ ಆಗುವುದಿಲ್ಲ. ಕೆಲವು ತಿಂಗಳ ನಂತರ ಗರಗರ ಸದ್ದು ಶುರುವಾಗುತ್ತದೆ, ಅಷ್ಟರಲ್ಲಿ ಆ ಸ್ನಾನ ಮರೆತೇ ಹೋಗಿರುತ್ತದೆ.

ನಾನು ತೊಳೆಯುವ ಕ್ರಮ ಹೀಗಿದೆ:

1. ಬೈಕನ್ನು ಆಫ್ ಮಾಡಿ. ಮೋಟಾರು ಬಿಸಿಯಾಗಿದ್ದರೆ ಅರ್ಧ ಗಂಟೆ ಬಿಡಿ. ಕಾದ ಮೋಟಾರಿನ ಮೇಲೆ ತಣ್ಣೀರು ಸುರಿದರೆ ಒಳಗಿನ ಗಾಳಿ ಸಂಕುಚಿಸಿ ಸೀಲಿನ ಸಂದಿಯಿಂದ ತೇವವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನನ್ನ ಕಣ್ಣಿಗೆ ಇಡೀ ಪಟ್ಟಿಯಲ್ಲಿ ಮುಖ್ಯವಾದ ಸಾಲು ಇದೇ.
2. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಪೂರ್ತಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ. ಬ್ಯಾಟರಿ ಅದರ ಜಾಗದಲ್ಲೇ ಇರಲಿ, ತೆಗೆದರೆ ಕನೆಕ್ಟರು ಬಯಲಾಗುತ್ತದೆ.
3. ಒಣಗಿದ ಕೆಸರನ್ನು ಉಜ್ಜಬೇಡಿ, ಬಣ್ಣಕ್ಕೆ ಗೀರು ಬೀಳುತ್ತದೆ. ಕಡಿಮೆ ಒತ್ತಡದ ಪೈಪಿನಿಂದಲೋ ಬಕೆಟ್ ನೀರಿನಿಂದಲೋ ನೆನೆಸಿ, ಸಾಬೂನು ನೀರು, ಮೆತ್ತನೆಯ ಬ್ರಷ್ಷು. ಕ್ರ್ಯಾಂಕು, ಚಕ್ರದ ನಡುವಿನ ಹಬ್ಬು, ಸಸ್ಪೆನ್ಷನ್ ಕೀಲುಗಳ ಕಡೆಗೆ ನೇರ ಧಾರೆ ಬೇಡ.
4. ಬೈಕನ್ನು ತಲೆಕೆಳಗೆ ನಿಲ್ಲಿಸಿ ತೊಳೆಯಬೇಡಿ. ಕೆಳಗೆ ಇಳಿಯಬೇಕಾದ ನೀರು ಆಗ ಮೋಟಾರಿನ ಗೂಡಿನಲ್ಲಿ ನಿಲ್ಲುತ್ತದೆ.
5. ಬಟ್ಟೆಯಿಂದ ಒರೆಸಿ. ಆಮೇಲೆ ಬ್ಯಾಟರಿ ತೆಗೆದು ಕನೆಕ್ಟರನ್ನೂ ಬ್ಯಾಟರಿ ಕೂರುವ ಗೂಡನ್ನೂ ಒಣಗಲು ಬಿಡಿ. ಒದ್ದೆ ಬೈಕಿಗೆ ಚಾರ್ಜರ್ ಸಿಕ್ಕಿಸುವುದು ಬೇಡವೇ ಬೇಡ.

ಕನೆಕ್ಟರಿನ ಪಿನ್ನುಗಳನ್ನು ಈ ಹೊತ್ತಿನಲ್ಲಿ ಹತ್ತಿರದಿಂದ ನೋಡಿ. ಆರೋಗ್ಯವಂತ ಪಿನ್ನು ಹೊಳೆಯುತ್ತದೆ. ಹಸಿರು ಬಣ್ಣದ ಪುಡಿ ಕಂಡರೆ ತೇವ ಒಳಗೆ ಹೋಗಿದೆ, ಕಪ್ಪು ಕಲೆ ಕಂಡರೆ ಸಡಿಲವಾಗಿ ಕೂತು ಕಿಡಿ ಹಾರಿದೆ. ಎರಡೂ ಮೋಟಾರು ಇದ್ದಕ್ಕಿದ್ದಂತೆ ಆರಿಹೋಗುವ ಕಾಯಿಲೆಯ ಮೊದಲ ಲಕ್ಷಣಗಳು. ಹಸಿರನ್ನು ಒಣ ಬ್ರಷ್ಷಿನಿಂದ ತೆಗೆಯಬಹುದು, ಕಪ್ಪನ್ನು ಮೆಕ್ಯಾನಿಕ್ಕಿಗೆ ತೋರಿಸಿ. ಕಾರಿನ ಹಿಂದೆ ಬೈಕು ಕಟ್ಟಿಕೊಂಡು ಹೋಗುವಾಗ ಬ್ಯಾಟರಿಯನ್ನು ಕಾರಿನೊಳಗಿಟ್ಟು ಖಾಲಿ ಗೂಡಿಗೆ ಮುಚ್ಚಳ ಹಾಕಿ. ಹೆದ್ದಾರಿಯ ವೇಗದಲ್ಲಿ ಬಡಿಯುವ ಮಳೆಗೂ ಪ್ರೆಶರ್ ವಾಷರಿಗೂ ದೊಡ್ಡ ವ್ಯತ್ಯಾಸವಿಲ್ಲ.

ಚೈನು

ಮೋಟಾರು ನಡುವೆ ಇರುವ ಬೈಕಿನಲ್ಲಿ ನಿಮ್ಮ ಕಾಲಿನ ಬಲ, ಮೋಟಾರಿನ ಬಲ ಎರಡೂ ಒಂದೇ ಚೈನಿನ ಮೇಲೆ ಬೀಳುತ್ತವೆ. ಮಾಮೂಲಿ ಸೈಕಲ್ಲಿನ ಲೆಕ್ಕದಲ್ಲಿ ಚೈನು ಬಾಳುತ್ತದೆ ಎಂದುಕೊಂಡವರು ಹಲ್ಲುಗಾಲಿಗಳನ್ನೂ ಸೇರಿಸಿ ಕೊಳ್ಳಬೇಕಾಗುತ್ತದೆ.

ಅಳೆಯಲು ಒಂದು ಉಕ್ಕಿನ ಸ್ಕೇಲು ಸಾಕು. ಪೆಡಲನ್ನು ಒತ್ತಿ ಚೈನಿನ ಮೇಲಿನ ಎಳೆ ಬಿಗಿಯಾಗುವಂತೆ ಹಿಡಿಯಿರಿ. ಯಾವುದಾದರೂ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಟ್ಟು ಅಲ್ಲಿಂದ 24ನೆಯ ಪಿನ್ನಿನ ನಡುಮಧ್ಯದವರೆಗೆ ಅಳೆಯಿರಿ. ಹೊಸ ಚೈನಿನಲ್ಲಿ ಈ ದೂರ 304.8 ಮಿ.ಮೀ. ಅದು 306.3 ತಲುಪಿದರೆ ಚೈನು ಶೇ. 0.5 ಹಿಗ್ಗಿದೆ ಎಂದರ್ಥ. 11 ಮತ್ತು 12 ಗೇರಿನ ಬೈಕುಗಳಲ್ಲಿ ಅಲ್ಲಿಗೆ ಬದಲಿಸುವುದು ಒಳ್ಳೆಯದು. ಒಂದೂವರೆ ಮಿ.ಮೀ.ಗೆ ಇಷ್ಟು ರಾದ್ಧಾಂತವೇ ಎನ್ನಿಸಬಹುದು. ಹಿಗ್ಗಿದ ಚೈನು ಹಲ್ಲಿನ ಬುಡ ಬಿಟ್ಟು ತುದಿಯನ್ನು ತಿನ್ನುತ್ತ ಹೋಗುತ್ತದೆ, ಕೊನೆಗೆ ಹಳೆಯ ಹಲ್ಲಿನ ಮೇಲೆ ಹೊಸ ಚೈನು ಕೂರುವುದೇ ಇಲ್ಲ, ಏರಿನಲ್ಲಿ ಜಾರುತ್ತದೆ. ಕಡಿಮೆ ಬೆಲೆಯ ಭಾಗವನ್ನು ಬೇಗ ಬದಲಿಸಿ ಹೆಚ್ಚು ಬೆಲೆಯ ಭಾಗವನ್ನು ಉಳಿಸಿಕೊಳ್ಳುವ ಲೆಕ್ಕ ಇದು.

ಅಳತೆಗಿಂತ ಮುಖ್ಯ ಗೇರು ಬದಲಿಸುವ ಅಭ್ಯಾಸ. ಕಡಿದಾದ ಏರಿಗೆ ಮೊದಲೇ ಹಗುರ ಗೇರಿಗೆ ಬನ್ನಿ. ಏರಿನ ನಡುವೆಯೇ ಬದಲಿಸಬೇಕಾಗಿ ಬಂದರೆ ಒಂದು ಕ್ಷಣ ಕಾಲಿನ ಒತ್ತಡ ಕಡಿಮೆ ಮಾಡಿ, ಮೋಟಾರೂ ಬಿಗಿ ಸಡಿಲಿಸುತ್ತದೆ, ಆಗ ಬಟನ್ ಒತ್ತಿ. ‘ಟಕ್’ ಎಂದು ಮೆಲ್ಲಗೆ ಕೂತರೆ ಸರಿ. ‘ಕಟಾರ್’ ಎಂದರೆ ಚೈನು ನಿಮ್ಮನ್ನು ಬೈಯುತ್ತಿದೆ.

ಹಗುರ ಗೇರಿನಿಂದ ಇನ್ನೊಂದು ಲಾಭವೂ ಇದೆ. ಭಾರಿ ಗೇರಿನಲ್ಲಿ ನಿಧಾನವಾಗಿ ತುಳಿದರೆ ಮೋಟಾರು ಕಡಿಮೆ ಸುತ್ತಿನಲ್ಲಿ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಅತಿಯಾಗಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಲ ತಗ್ಗಿಸುತ್ತದೆ. ಉದ್ದದ ಏರಿನ ಕೊನೆಗೆ ಮೋಟಾರು ಸೋತಂತೆ ಅನಿಸಿದರೆ ಅದು ಕೆಟ್ಟಿದೆ ಎಂದಲ್ಲ. ನಿಮಿಷಕ್ಕೆ 70ರಿಂದ 90 ಸುತ್ತು ಪೆಡಲ್ ತಿರುಗುವ ಗೇರಿನಲ್ಲಿರಿ.

ಬ್ಯಾಟರಿ

36 ವೋಲ್ಟಿನ ಬ್ಯಾಟರಿ ಎಂದರೆ ಒಳಗೆ 10 ಸೆಲ್ಲುಗಳ ಸಾಲು, ಅಂಥ ಹಲವು ಸಾಲುಗಳು ಜೊತೆಜೊತೆಯಾಗಿ. ಪೂರ್ತಿ ತುಂಬಿದಾಗ ಒಂದೊಂದು ಸೆಲ್ಲು 4.2 ವೋಲ್ಟ್, ಒಟ್ಟು 42. ಲಿಥಿಯಂ ಸೆಲ್ಲುಗಳಿಗೆ ಹೊಟ್ಟೆ ಬಿರಿಯ ತುಂಬಿಸಿ ಕೂರಿಸುವುದೂ ಆಗದು, ಉಪವಾಸ ಕೆಡವುವುದೂ ಆಗದು. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಶೇ. 30ರಿಂದ 60ರ ನಡುವೆ ಬಿಟ್ಟು, ತಂಪಾದ ಒಣ ಜಾಗದಲ್ಲಿಡಿ. ಖಾಲಿ ಮಾಡಿ ಮೂಲೆಗೆ ತಳ್ಳಿದರೆ ತಿಂಗಳುಗಳಲ್ಲಿ ತಾನಾಗಿ ಇನ್ನಷ್ಟು ಇಳಿದು, ಒಳಗಿನ ರಕ್ಷಣಾ ಸರ್ಕ್ಯೂಟು ಮತ್ತೆ ಚಾರ್ಜು ತೆಗೆದುಕೊಳ್ಳಲು ಒಪ್ಪದೆ ಹೋಗಬಹುದು. ಬಿಸಿಲಲ್ಲಿ ನಿಂತ ಕಾರು ಬ್ಯಾಟರಿಗೆ ಒಲೆ ಇದ್ದಂತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಹೆಪ್ಪುಗಟ್ಟುತ್ತದೆ, ಆ ಹಾನಿ ಸರಿಹೋಗುವುದಿಲ್ಲ. ಚಳಿಯಲ್ಲಿ ಓಡಿಸಿ ಬಂದರೆ ಬ್ಯಾಟರಿಯನ್ನು ಮನೆಯೊಳಗಿನ ಬೆಚ್ಚಗಿನ ಜಾಗಕ್ಕೆ ತಂದು, ಒಂದೆರಡು ಗಂಟೆ ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ.

ಬೆಂಕಿಯ ಭಯದ ಬಗ್ಗೆ ಒಂದು ಮಾತು. ಬೈಕಿನ ಜೊತೆ ಬಂದ ಚಾರ್ಜರನ್ನೇ ಬಳಸಿ. ಪಿನ್ನು ಹೊಂದುತ್ತದೆ ಎಂದು ಬೇರೆಯದನ್ನು ಸಿಕ್ಕಿಸಬೇಡಿ. ನೀವು ಎಚ್ಚರವಿದ್ದಾಗ ಚಾರ್ಜ್ ಮಾಡಿ, ಹೊರಗೆ ಹೋಗುವ ಬಾಗಿಲಿನ ದಾರಿಯಲ್ಲಿ ಬೇಡ. ಬಿದ್ದು ಜೋರಾಗಿ ಪೆಟ್ಟು ತಿಂದ, ಉಬ್ಬಿದ, ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ‘ಇನ್ನೊಂದು ಸಲ ನೋಡೋಣ’ ಎಂದು ಚಾರ್ಜಿಗೆ ಹಾಕುವುದು ಧೈರ್ಯವಲ್ಲ. ವಿಮಾನದಲ್ಲಿ ಬೈಕು ಒಯ್ಯುವ ಕನಸಿದ್ದರೆ ಬ್ಯಾಟರಿ ಬಿಟ್ಟೇ ಹೋಗಬೇಕು. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಮೀರಿದ ಬ್ಯಾಟರಿಗೆ ಅವಕಾಶವಿಲ್ಲ, ನಮ್ಮದು ಸಾಮಾನ್ಯವಾಗಿ 500ರಿಂದ 800.

‘ಮೊದಲಿನಷ್ಟು ದೂರ ಬರುತ್ತಿಲ್ಲ, ಬ್ಯಾಟರಿ ಸತ್ತಿದೆ’ ಎನ್ನುವ ಮುನ್ನ ಒಂದು ಲೆಕ್ಕ. ನೀವು 75 ಕಿಲೋ, ಬೈಕು 25 ಕಿಲೋ, ಒಟ್ಟು 100. ಇಷ್ಟು ತೂಕವನ್ನು 1000 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 272 ವ್ಯಾಟ್-ಅವರ್. ಗುರುತ್ವಾಕರ್ಷಣೆ ಇದರಲ್ಲಿ ಚಿಕ್ಕಾಸು ರಿಯಾಯಿತಿ ಕೊಡುವುದಿಲ್ಲ. ಒಂದು ಗಂಟೆಯಲ್ಲಿ ಹತ್ತುತ್ತೀರಿ, ನಿಮ್ಮ ಕಾಲು ಸರಾಸರಿ 120 ವ್ಯಾಟ್ ಕೊಡುತ್ತದೆ ಎಂದುಕೊಳ್ಳಿ. ಉಳಿದ 150ರ ಜೊತೆಗೆ ನೆಲದ ಘರ್ಷಣೆ, ಮೋಟಾರಿನ ಒಳಗಿನ ನಷ್ಟ ಸೇರಿದರೆ ಬ್ಯಾಟರಿಯಿಂದ ಸುಮಾರು 250 ಹೋಗುತ್ತದೆ. ಅಂದರೆ 500ರ ಬ್ಯಾಟರಿಗೆ ಎರಡು ಸಾವಿರ ಮೀಟರ್ ಏರು, ಅದೂ ನೀವು ಕಾಲು ಆಡಿಸಿದರೆ. ಹಾಗಾಗಿ ಕಿಲೋಮೀಟರ್ ಬಿಟ್ಟು ಏರಿದ ಮೀಟರ್ ಬರೆದಿಡಿ. ಗೊತ್ತಿರುವ ಒಂದೇ ಏರನ್ನು ಒಂದೇ ನೆರವಿನ ಮಟ್ಟದಲ್ಲಿ ಆರು ತಿಂಗಳಿಗೊಮ್ಮೆ ಹತ್ತಿ, ಎಷ್ಟು ಶೇಕಡಾ ಇಳಿಯಿತು ಎಂದು ಗುರುತಿಸಿಕೊಳ್ಳಿ. ಬ್ಯಾಟರಿಯ ಆರೋಗ್ಯಕ್ಕೆ ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಉಳಿದವು, ಬೇಗಬೇಗ

ಭಾರಿ ಬೈಕಿಗೆ ಬ್ರೇಕ್ ಪ್ಯಾಡು ಬೇಗ ಸವೆಯುತ್ತದೆ. ಲೋಹದ ತಟ್ಟೆ ಡಿಸ್ಕಿಗೆ ತಾಗುವ ಮೊದಲೇ ಬದಲಿಸಿ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತದೆ. ಮಿನರಲ್ ಆಯಿಲ್ ಬಳಸುವ ಬ್ರೇಕಿಗೆ ಡಾಟ್ (DOT) ಎಂಬ ಇನ್ನೊಂದು ಬಗೆಯ ಬ್ರೇಕ್ ದ್ರವ ಹಾಕಿದರೆ ಸೀಲುಗಳು ಹಾಳಾಗುತ್ತವೆ, ಡಾಟ್ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಅದೇ ಗತಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೆಳಭಾಗದ ಎಣ್ಣೆಯನ್ನು 50 ಗಂಟೆ ಸವಾರಿಗೊಮ್ಮೆ ಬದಲಿಸಬೇಕು ಎಂದು ಹಲವು ಕೈಪಿಡಿಗಳು ಹೇಳುತ್ತವೆ. ಟ್ಯೂಬಿಲ್ಲದ ಟಯರಿನೊಳಗಿನ ಸೀಲೆಂಟು, ಅಂದರೆ ತೂತು ಮುಚ್ಚುವ ದ್ರವ, ಕೆಲವೇ ತಿಂಗಳಲ್ಲಿ ಒಣಗುತ್ತದೆ, ಟಯರ್ ಅಲುಗಿಸಿದಾಗ ಒಳಗೆ ದ್ರವದ ಸದ್ದು ಬರದಿದ್ದರೆ ಹಾಕಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವಾಗ ಬ್ಯಾಟರಿ ಚೆನ್ನಾಗಿ ತುಂಬಿರಲಿ, ಮತ್ತು ದೊಡ್ಡ ಸವಾರಿಯ ಹಿಂದಿನ ರಾತ್ರಿ ಆ ಸಾಹಸ ಬೇಡ.

ಸದ್ದಿಗೆ ಕಿವಿಗೊಡುವುದು

ಎಷ್ಟೋ ಜನರ ನಿದ್ದೆ ಕೆಡಿಸುವುದು ಇಳಿಜಾರಿನಲ್ಲಿ ಮೋಟಾರಿನಿಂದ ಬರುವ ಕಟಕಟ ಸದ್ದು. ಪರೀಕ್ಷೆ ಸರಳ. ಅದೇ ಇಳಿಜಾರಿನಲ್ಲಿ ಪೆಡಲಿನ ಮೇಲೆ ಸ್ವಲ್ಪವೇ ಒತ್ತಡ ಇಟ್ಟು ಇಳಿಯಿರಿ. ಸದ್ದು ನಿಂತರೆ ಅದು ಒಳಗಿನ ಕ್ಲಚ್ಚೋ ಗೇರೋ ಬಿಡುವಾಗಿ ಅಲುಗಾಡುವುದು. ಕೆಲವು ಮೋಟಾರುಗಳ ಸ್ವಭಾವವೇ ಅದು, ಅದರಿಂದ ಅವು ಕೆಡುವುದಿಲ್ಲ. ನಿಲ್ಲದಿದ್ದರೆ ಕೇಬಲ್, ಬ್ಯಾಟರಿಯ ಬೀಗ, ಬ್ರೇಕ್ ಪ್ಯಾಡುಗಳನ್ನು ಒಂದೊಂದಾಗಿ ಹಿಡಿದು ನೋಡಿ. ನನ್ನ ಬೈಕಿನಲ್ಲಿ ಒಂದು ಇಡೀ ಮಳೆಗಾಲ ಕೇಳಿದ ‘ಮೋಟಾರಿನ’ ಕಿರುಗುಟ್ಟುವಿಕೆ ಸೀಟಿನ ಕೊಳವೆಯದಾಗಿತ್ತು.

ಚಿಂತಿಸಬೇಕಾದ ಸದ್ದು ಬೇರೆ. ಬೈಕು ಆಫ್ ಮಾಡಿ, ಮುಂದಿನ ಹಲ್ಲುಗಾಲಿಯಿಂದ ಚೈನು ಇಳಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನ ತಿರುಗಿಸಿ. ಬೆರಳಿಗೆ ಮರಳು ಅರೆದಂತೆ ತಾಗಿದರೆ, ಅಥವಾ ಕ್ರ್ಯಾಂಕನ್ನು ಅಡ್ಡಕ್ಕೆ ಎಳೆದಾಗ ಅಲುಗಿದರೆ ಬೇರಿಂಗು ಹೋಗುತ್ತಿದೆ. ವಾರಂಟಿ ಮುಗಿಯಲು ಎರಡು ತಿಂಗಳಿರುವಾಗ ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ಸಂಶಯವಿದ್ದರೆ ಫೋನಿನಲ್ಲಿ ಸದ್ದು ಕೇಳುವಂತೆ ವೀಡಿಯೋ ತೆಗೆದು, ದಿನಾಂಕ, ಓಡಿದ ಕಿ.ಮೀ., ಎರರ್ ಸಂಖ್ಯೆ ಇದ್ದರೆ ಅದನ್ನೂ ಬರೆದು, ಬಾಯಿಮಾತಿನಲ್ಲಿ ಬೇಡ, ಲಿಖಿತವಾಗಿ ದೂರು ಕೊಡಿ. ಅಂಗಡಿಗೆ ಒಯ್ದಾಗ ಆ ಸದ್ದು ಬರುವುದೇ ಇಲ್ಲ ಎಂಬುದು ಎಲ್ಲ ಯಂತ್ರಗಳ ಹುಟ್ಟುಗುಣ. ವಾರಂಟಿ ಮುಗಿದ ಮೇಲೆ ಕೆಟ್ಟರೂ ಹೊಸ ಮೋಟಾರೇ ಗತಿ ಎಂದೇನಿಲ್ಲ. ಬೇರಿಂಗು, ಸೀಲು, ಬೆಲ್ಟು ಬದಲಿಸುವ ಸ್ವತಂತ್ರ ರಿಪೇರಿಗಾರರು ಹಲವು ಮಾದರಿಗಳಿಗೆ ಇದ್ದಾರೆ.

ದಾರಿಯಲ್ಲಿ ನಿಂತುಹೋದರೆ

ಮೊದಲು ಎರರ್ ಸಂಖ್ಯೆಯ ಫೋಟೋ ತೆಗೆಯಿರಿ, ಆಫ್ ಮಾಡಿದರೆ ಅದು ಮಾಯವಾಗಬಹುದು. ಆಮೇಲೆ ಈ ಕ್ರಮದಲ್ಲಿ ಹೋಗಿ:

1. ಹಿಂದಿನ ಚಕ್ರದ ಮ್ಯಾಗ್ನೆಟ್ ಸೆನ್ಸರಿನ ಎದುರಿಗೆ ಹಾದುಹೋಗುತ್ತಿದೆಯೇ? ಕೆಲವು ಬೈಕುಗಳಲ್ಲಿ ಅದು ಕಡ್ಡಿಯಲ್ಲಿರದೆ ಬ್ರೇಕ್ ಡಿಸ್ಕಿನಲ್ಲಿ ಇರುತ್ತದೆ. ಬಾಷ್ ಬೈಕುಗಳಲ್ಲಿ 503 ಎಂಬ ಸಂಖ್ಯೆ ಕಂಡರೆ ನೇರ ಇಲ್ಲಿಗೇ ಬನ್ನಿ.
2. ಆಫ್ ಮಾಡಿ, ಬ್ಯಾಟರಿ ತೆಗೆದು ಅರ್ಧ ನಿಮಿಷ ಬಿಡಿ. ಪಿನ್ನು ಒರೆಸಿ ಮತ್ತೆ ಕೂರಿಸಿ, ಬೀಗ ‘ಕ್ಲಿಕ್’ ಎನ್ನಲೇಬೇಕು.
3. ಆನ್ ಮಾಡುವಾಗ ಪೆಡಲಿನ ಮೇಲೆ ಕಾಲಿಡಬೇಡಿ. ಟಾರ್ಕ್ ಸೆನ್ಸರು ಆ ಕ್ಷಣದಲ್ಲಿ ತನ್ನ ಸೊನ್ನೆಯನ್ನು ಗುರುತಿಸಿಕೊಳ್ಳುತ್ತಿರುತ್ತದೆ. ಕಾಲು ಒತ್ತಿದ್ದರೆ ಆ ಭಾರವನ್ನೇ ಸೊನ್ನೆ ಎಂದುಕೊಂಡು ಬಲ ಕಡಿಮೆ ಕೊಡುತ್ತದೆ, ಇಲ್ಲವೇ ಎರರ್ ತೋರಿಸುತ್ತದೆ.
4. ಹ್ಯಾಂಡಲಿನ ಕೇಬಲುಗಳನ್ನು ಬೆರಳಿನಿಂದ ಒತ್ತಿ ನೋಡಿ. ಬಿದ್ದ ಮೇಲೆ ಕೆಟ್ಟಿದ್ದರೆ ಹೆಚ್ಚಾಗಿ ಇಲ್ಲೇ ಕಿತ್ತುಬಂದಿರುತ್ತದೆ.

ಇಷ್ಟಕ್ಕೂ ಏಳದಿದ್ದರೆ ಅದು ಭಾರದ ಒಂದು ಸೈಕಲ್ಲು, ಅಷ್ಟೆ. ಅತಿ ಹಗುರ ಗೇರಿಗೆ ಹಾಕಿ ತುಳಿಯಬಹುದು, ಇಳಿಜಾರಿದ್ದರೆ ಇನ್ನೂ ಸುಲಭ. ಹಾಗೆ ತುಳಿಯಲಾದರೂ ಚೈನು ಬೇಕಲ್ಲ! ಅದಕ್ಕೇ ನನ್ನ ಚೀಲದಲ್ಲಿ ಎಲೆಕ್ಟ್ರಾನಿಕ್ಸಿಗಿಂತ ಮಾಮೂಲಿ ಸಾಮಾನೇ ಹೆಚ್ಚು: ಚೈನಿನ ಎರಡು ಜೋಡಣೆ ಕೊಂಡಿ, ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಒಂದು, ಪಂಚರ್ ಪ್ಲಗ್ಗು, ಪಂಪು, ಅಲೆನ್ ಕೀಲಿಗಳು. ಜೊತೆಗೆ ಬ್ಯಾಟರಿಯ ಕೀಲಿ, ಮತ್ತು ಹ್ಯಾಂಡಲ್ ತುದಿಯ ಮುಚ್ಚಳದೊಳಗೆ ಟೇಪು ಸುತ್ತಿಟ್ಟ ಬೆರಳುಗುರಿನಷ್ಟು ಗಾತ್ರದ ಇನ್ನೊಂದು ಮ್ಯಾಗ್ನೆಟ್.